ಮದ್ದಿನ ಬಲ ಅಳೆದವರೇ ಅದರ ಸೋಲನ್ನೂ ಕಂಡರು

ಒಂದು ಮದ್ದು ಎಲ್ಲಕ್ಕಿಂತ ಮೇಲೆಂದು ಸಾಬೀತುಪಡಿಸಿದ ವಿಜ್ಞಾನಿಯೇ ನಾಲ್ಕು ವರ್ಷಗಳ ನಂತರ ಆ ಮದ್ದಿನ ಗುಂಪೇ ಸೋಲತೊಡಗಿದೆ ಎಂದರೆ ಕೇಳಿದವರಿಗೆ ಗೊಂದಲವಾಗುವುದು ಸಹಜ. ನೆದರ್ಲೆಂಡ್ಸ್‌ನ ವೈದ್ಯ ಆರ್ಯೆನ್ ಡೊಂಡಾರ್ಪ್ ಅವರ ಮಲೇರಿಯಾ ಸಂಶೋಧನೆ ಮೇಲ್ನೋಟಕ್ಕೆ ಹೀಗೇ ಕಾಣುತ್ತದೆ. ಬ್ಯಾಂಕಾಕಿನ ಮಹಿಡೋಲ್-ಆಕ್ಸ್‌ಫರ್ಡ್ ಸಂಶೋಧನಾ ಘಟಕದಲ್ಲಿ ನಿಕೋಲಸ್ ವೈಟ್ ಮೊದಲಾದವರೊಡನೆ ಅವರು ಮಾಡಿದ ಕೆಲಸ 2005ರಲ್ಲಿ ಆರ್ಟಿಸುನೇಟ್ ಚುಚ್ಚುಮದ್ದನ್ನು ಎತ್ತಿಹಿಡಿಯಿತು. 2009ರಲ್ಲಿ ಅದೇ ಮದ್ದಿನ ಬಲ ಕುಗ್ಗುತ್ತಿರುವುದನ್ನು ತೋರಿಸಿತು. ಇವೆರಡರ ನಡುವೆ ವಿರೋಧವಿಲ್ಲ. ರೋಗಾಣು ಇನ್ನೂ ಎಳೆಯದಾಗಿರುವಾಗಲೇ ಅದನ್ನು ಕೊಲ್ಲಬಹುದೇ ಎಂಬ ಒಂದೇ ಪ್ರಶ್ನೆಯ ಬೆನ್ನುಹತ್ತಿ ಹೋದವರಿಗೆ ಸಿಕ್ಕ ಎರಡು ಉತ್ತರಗಳಿವು.

ಫಾಲ್ಸಿಪ್ಯಾರಮ್ ಎಂಬ ಮಾರಕ ಮಲೇರಿಯಾ ರೋಗಾಣು ಮನುಷ್ಯನ ಕೆಂಪು ರಕ್ತಕಣದೊಳಗೆ ಸುಮಾರು 48 ಗಂಟೆಗಳಲ್ಲಿ ಬೆಳೆದು ಹಲವಾಗುತ್ತದೆ. ಆರಂಭದಲ್ಲಿ ಅದಕ್ಕೆ ಉಂಗುರದ ಆಕಾರ. ಆಗ ಅದಿರುವ ರಕ್ತಕಣ ಎಲ್ಲ ಕಣಗಳಂತೆ ದೇಹದಲ್ಲಿ ಸುತ್ತುತ್ತಿರುತ್ತದೆ. ಬಲಿತ ಮೇಲೆ ಆ ಕಣ ಮಿದುಳು ಮತ್ತಿತರ ಅಂಗಗಳ ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಂಡು ರಕ್ತದ ಓಟವನ್ನೇ ತಡೆಯುತ್ತದೆ. ರೋಗಿ ಪ್ರಜ್ಞೆ ತಪ್ಪುವುದು, ಸಾಯುವುದು ಈ ಹಂತದಲ್ಲಿ. ಶತಮಾನಗಳಿಂದ ಬಳಕೆಯಲ್ಲಿದ್ದ ಕ್ವಿನೈನ್ ಮುಖ್ಯವಾಗಿ ಬಲಿತ ರೋಗಾಣುವನ್ನು ಕೊಲ್ಲುತ್ತದೆ. ಆರ್ಟಿಸುನೇಟ್ ಉಂಗುರದ ಹಂತದಲ್ಲೇ ಹೊಡೆಯುತ್ತದೆ. ಈ ವ್ಯತ್ಯಾಸಕ್ಕೆ ಜೀವ ಉಳಿಸುವ ಶಕ್ತಿ ಇದೆಯೇ ಎಂದು ನೋಡಲು ಬಾಂಗ್ಲಾದೇಶ, ಭಾರತ, ಇಂಡೊನೇಷ್ಯಾ ಮತ್ತು ಮ್ಯಾನ್ಮಾರ್‌ಗಳ 1,461 ರೋಗಿಗಳ ಮೇಲೆ ಪ್ರಯೋಗ ನಡೆಯಿತು. ನಮ್ಮ ದೇಶದಿಂದ ಒಡಿಶಾದ ರೂರ್ಕೆಲಾ ಅದರಲ್ಲಿತ್ತು. ಕ್ವಿನೈನ್ ಪಡೆದವರಲ್ಲಿ ಶೇ. 22 ಮಂದಿ ಸತ್ತರೆ ಆರ್ಟಿಸುನೇಟ್ ಪಡೆದವರಲ್ಲಿ ಶೇ. 15 ಮಂದಿ. ಮುಂದೆ ಆಫ್ರಿಕದ ಒಂಬತ್ತು ದೇಶಗಳ 5,425 ಮಕ್ಕಳಲ್ಲಿ ನಡೆದ ಪ್ರಯೋಗದಲ್ಲೂ ಸಾವಿನ ಪ್ರಮಾಣ ಶೇ. 10.9ರಿಂದ ಶೇ. 8.5ಕ್ಕೆ ಇಳಿಯಿತು. ಅಂಕಿ ಸಣ್ಣದೆನ್ನಿಸಿದರೆ ಹೀಗೆ ಯೋಚಿಸಬೇಕು: ಮದ್ದೊಂದನ್ನು ಬದಲಿಸಿದ್ದರಿಂದಲೇ ತೀವ್ರ ಮಲೇರಿಯಾದ ಪ್ರತಿ ನೂರು ಮಕ್ಕಳಲ್ಲಿ ಇನ್ನೂ ಇಬ್ಬರಿಗೂ ಹೆಚ್ಚು ಮಂದಿ ಬದುಕಿಕೊಂಡರು.

ಇನ್ನು 2009ರ ಅಧ್ಯಯನ. ಪಶ್ಚಿಮ ಕಾಂಬೋಡಿಯದ ಪೈಲಿನ್‌ನಲ್ಲಿ 40 ಮತ್ತು ಥಾಯ್ಲೆಂಡಿನ ವಾಯವ್ಯದ ವಾಂಗ್ ಫಾದಲ್ಲಿ 40 ರೋಗಿಗಳು, ಅಷ್ಟೇ. ಅವರಿಗೆ ಆರ್ಟಿಸುನೇಟ್ ಕೊಟ್ಟು, ಮತ್ತೆ ಮತ್ತೆ ರಕ್ತ ತೆಗೆದು, ಸೂಕ್ಷ್ಮದರ್ಶಕದಲ್ಲಿ ರೋಗಾಣುಗಳನ್ನು ಎಣಿಸುತ್ತ ಹೋದರು. ವಾಂಗ್ ಫಾದಲ್ಲಿ ರಕ್ತ ಶುದ್ಧವಾಗಲು ಬೇಕಾದದ್ದು ಮಧ್ಯಕದ ಲೆಕ್ಕದಲ್ಲಿ 48 ಗಂಟೆ. ಪೈಲಿನ್‌ನಲ್ಲಿ 84 ಗಂಟೆ. ರೋಗಿಗಳ ವಯಸ್ಸಾಗಲಿ, ದೇಹದಲ್ಲಿ ಮದ್ದು ವರ್ತಿಸಿದ ರೀತಿಯಾಗಲಿ, ಆಗ ಚಾಲ್ತಿಯಲ್ಲಿದ್ದ ಪ್ರಯೋಗಾಲಯದ ಪರೀಕ್ಷೆಗಳಾಗಲಿ ಈ ಅಂತರಕ್ಕೆ ಕಾರಣ ಹೇಳಲಿಲ್ಲ. ಈ ಸಂಶೋಧನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದೇ. ಹಳೆಯ ಪರೀಕ್ಷೆಗಳಿಗೆ ಸಿಗದ ಸತ್ಯ ರೋಗಿಯ ಹಾಸಿಗೆಯ ಪಕ್ಕದ ತಾಳ್ಮೆಯ ಎಣಿಕೆಗೆ ಸಿಕ್ಕಿತು. ಕೆಲ್ಚ್-13 ಎಂಬ ಜೀನಿನಲ್ಲಾದ ಬದಲಾವಣೆ ಈ ವಿಳಂಬಕ್ಕೆ ಕಾರಣವೆಂದು ಪಾಶ್ಚರ್ ಸಂಸ್ಥೆಯ ಫ್ರೆಡೆರಿಕ್ ಆರಿಯೆ, ಡಿಡಿಯೆ ಮೆನಾರ್ ಮತ್ತು ಸಂಗಡಿಗರು ಪ್ರಕಟಿಸಿದ್ದು 2014ರಲ್ಲಿ. ಈ ಬದಲಾವಣೆ ಇರುವ ರೋಗಾಣು ಉಂಗುರದ ಹಂತದಲ್ಲಿ ಬೆಳವಣಿಗೆಯನ್ನು ತಡೆಹಿಡಿದು ಕಾಯುತ್ತದೆ. ಆರ್ಟಿಸುನೇಟ್ ಕೆಲವೇ ಗಂಟೆಗಳಲ್ಲಿ ದೇಹದಿಂದ ಹೊರಹೋಗುವುದರಿಂದ ಅಷ್ಟು ಕಾದರೆ ಅದಕ್ಕೆ ಸಾಕು. ಮದ್ದಿನ ಬಲ ಎಲ್ಲಿತ್ತೋ ರೋಗಾಣು ಅಲ್ಲಿಯೇ ದಾರಿ ಕಂಡುಕೊಂಡಿತು.

ರೋಗಿ ಕೊನೆಗೂ ಗುಣವಾದನಲ್ಲ, ಒಂದೂವರೆ ದಿನ ತಡವಾದದ್ದನ್ನು ಪ್ರತಿರೋಧ ಎಂದು ಕರೆಯಬೇಕೇ ಎಂಬ ಆಕ್ಷೇಪ ಬಂತು. ನ್ಯಾಯವಾದ ಪ್ರಶ್ನೆಯೇ, ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಭಾಗಶಃ ಪ್ರತಿರೋಧವೆಂದೇ ಕರೆಯುತ್ತದೆ. ಆದರೆ ಆರ್ಟಿಸುನೇಟ್ ಸೇರಿರುವ ಆರ್ಟಿಮಿಸಿನಿನ್ ಗುಂಪಿನ ಮಾತ್ರೆಯನ್ನು ಒಂಟಿಯಾಗಿ ಕೊಡುವುದಿಲ್ಲ, ಜೊತೆಗೆ ನಿಧಾನವಾಗಿ ಕೆಲಸ ಮಾಡುವ ಇನ್ನೊಂದು ಮದ್ದಿರುತ್ತದೆ. ಮೊದಲನೆಯದು ಅರೆಬರೆ ಕೆಲಸ ಮಾಡಿದರೆ ಉಳಿದ ಹೊರೆಯೆಲ್ಲ ಎರಡನೆಯದರ ಮೇಲೆ ಬೀಳುತ್ತದೆ, ಅದಕ್ಕೂ ರೋಗಾಣು ಪಳಗುತ್ತದೆ. ಕಾಂಬೋಡಿಯದಲ್ಲಿ ಪಿಪೆರಾಕ್ವಿನ್ ಎಂಬ ಎರಡನೆಯ ಮದ್ದಿದ್ದ ಜೋಡಿಗೆ ಆದದ್ದು ಇದೇ. ಅಲ್ಲಿ ಬಹಳಷ್ಟು ರೋಗಿಗಳಲ್ಲಿ ಕಾಯಿಲೆ ಮರುಕಳಿಸತೊಡಗಿ, ಮದ್ದಿನ ಜೋಡಿಯನ್ನೇ ಬದಲಿಸಬೇಕಾಯಿತು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಇಷ್ಟೆಲ್ಲ ಎಚ್ಚರಿಕೆಯ ನಂತರವೂ ಕಾಂಬೋಡಿಯ 2018ರಿಂದ ವರ್ಷವರ್ಷವೂ ಮಲೇರಿಯಾ ಸಾವೇ ಇಲ್ಲವೆಂದು ವರದಿ ಮಾಡಿದೆ, ಹಾಗಾದರೆ ಭಯ ಸುಳ್ಳಾಯಿತಲ್ಲವೇ? ಆದರೆ ಆ ಫಲದ ಹಿಂದೆ ಹಳ್ಳಿಹಳ್ಳಿಯಲ್ಲಿ ರಕ್ತ ಪರೀಕ್ಷಿಸಿ ಅಲ್ಲಿಯೇ ಮದ್ದು ಕೊಟ್ಟ ಆರೋಗ್ಯ ಕಾರ್ಯಕರ್ತರಿದ್ದಾರೆ. ಸೋತ ಜೋಡಿಯನ್ನು ಗುರುತಿಸಿ ಕೈಬಿಟ್ಟ ನಿರ್ಧಾರವಿದೆ. ಎಣಿಸುವವರು ಇಲ್ಲದಿದ್ದರೆ ಆ ನಿರ್ಧಾರಕ್ಕೆ ಆಧಾರವೇ ಇರುತ್ತಿರಲಿಲ್ಲ. ಭಾರತವೂ ಇದೇ ಬಗೆಯ ಆಧಾರದ ಮೇಲೆ 2013ರಲ್ಲಿ ಈಶಾನ್ಯ ರಾಜ್ಯಗಳಿಗಷ್ಟೇ ಜೋಡಿ ಮದ್ದನ್ನು ಬದಲಿಸಿತು. ಈಗ ಕೆಲ್ಚ್-13 ಬದಲಾವಣೆಗಳು ರುವಾಂಡ ಮತ್ತು ಉಗಾಂಡಗಳಲ್ಲಿ ಹುಟ್ಟಿ ಹರಡುತ್ತಿವೆ. ಅವು ಕಾಂಬೋಡಿಯದಿಂದ ಬಂದವಲ್ಲ, ಆಫ್ರಿಕದಲ್ಲೇ ಮೂಡಿದವು. ಜಗತ್ತಿನ ಮಲೇರಿಯಾ ಸಾವುಗಳಲ್ಲಿ ಶೇ. 90ಕ್ಕೂ ಹೆಚ್ಚು ಆಗುವುದು ಆ ಖಂಡದಲ್ಲಿ, ಅದರಲ್ಲೂ ಐದು ವರ್ಷದೊಳಗಿನ ಮಕ್ಕಳಲ್ಲಿ. ಚಿಕಿತ್ಸೆಯ ಮೂರನೆಯ ದಿನ ಮತ್ತೊಮ್ಮೆ ರಕ್ತ ನೋಡುವ ಸೂಕ್ಷ್ಮದರ್ಶಕ ಮತ್ತು ಅದರ ಮುಂದೆ ಕೂರುವ ತರಬೇತಿ ಪಡೆದ ಕಣ್ಣು ಅಲ್ಲಿನ ಬಹಳಷ್ಟು ಆರೋಗ್ಯ ಕೇಂದ್ರಗಳಿಗೆ ಇನ್ನೂ ತಲುಪಬೇಕಾಗಿದೆ.