ಶಾಸಕರ ಕೈಯಲ್ಲಿರುವ ತೆರಿಗೆಗಳು

ಕರ್ನಾಟಕದ ಶಾಸಕರು ಕ್ಷೇತ್ರದ ವರ್ತಕರನ್ನು ಭೇಟಿಯಾದಾಗಲೆಲ್ಲ ಸಲ್ಲುವ ಮನವಿಪತ್ರಗಳಲ್ಲಿ ಸರಕು ಮತ್ತು ಸೇವಾ ತೆರಿಗೆ ಇಳಿಸಬೇಕೆಂಬ ಬೇಡಿಕೆ ತಪ್ಪದೆ ಇರುತ್ತದೆ. ಆದರೆ 2017ರ ಜುಲೈ 1ರಿಂದ ಆ ದರಗಳನ್ನು ಶಿಫಾರಸು ಮಾಡುವುದು ಕೇಂದ್ರ ಹಾಗೂ ರಾಜ್ಯಗಳ ಜಂಟಿ ಮಂಡಳಿ. ಅಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದರಷ್ಟು ತೂಕ. ತೀರ್ಮಾನಕ್ಕೆ ನಾಲ್ಕನೇ ಮೂರರಷ್ಟು ಬಹುಮತ ಬೇಕು. ಶಾಸಕರೊಬ್ಬರ ಮಾತು ಅಲ್ಲಿಗೆ ತಲುಪುವುದು ದೂರದ ದಾರಿ.

ವಿದ್ಯುತ್ತಿನ ವಿಷಯ ತುಸು ಸೂಕ್ಷ್ಮವಾದುದು. 2023ರ ಜೂನ್‌ನಲ್ಲಿ ದರ ಏರಿಕೆಯನ್ನು ವಿರೋಧಿಸಿ ಹುಬ್ಬಳ್ಳಿಯ ವರ್ತಕರು, ಉದ್ಯಮಿಗಳು ಬೀದಿಗಿಳಿದಿದ್ದರು. ದರ ನಿಗದಿ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಕಾರ್ಯವೆಂಬುದು ನಿಜವೇ. ಆದರೆ ಅದೇ ಬಿಲ್ಲಿನಲ್ಲಿ ಸೇರಿಬರುವ ವಿದ್ಯುತ್ ಬಳಕೆಯ ತೆರಿಗೆ ರಾಜ್ಯದ 1959ರ ಕಾಯಿದೆಗೆ ಸೇರಿದ್ದು. ಅದನ್ನು ತಿದ್ದುವ ಅಧಿಕಾರ ವಿಧಾನಮಂಡಲದ್ದೇ. ಸಣ್ಣ ಕಾರ್ಖಾನೆಗಳ ಮನವಿ ಹೆಚ್ಚು ಫಲಿಸಬಹುದಾದ ಸ್ಥಳವಿದು.

ವೃತ್ತಿ ತೆರಿಗೆಯೂ ಹಾಗೆಯೇ. ಸಂವಿಧಾನವು ವರ್ಷಕ್ಕೆ 2,500 ರೂ. ಮಿತಿ ಹಾಕಿದೆ, ಉಳಿದದ್ದು ರಾಜ್ಯದ ವಿವೇಚನೆ. 2023ರಲ್ಲಿ ತಿಂಗಳಿಗೆ 25,000 ರೂ.ಗಿಂತ ಕಡಿಮೆ ಸಂಬಳದವರಿಗೆ ವಿನಾಯಿತಿ ದೊರೆತದ್ದು ಇಂಥದೇ ತಿದ್ದುಪಡಿಯಿಂದ.

ಆದುದರಿಂದ ಮನವಿಯಲ್ಲಿ ಕಾಯಿದೆಯ ಹೆಸರು, ಕಲಮು ಹಾಗೂ ಹೊರೆಯ ಮೊತ್ತವನ್ನು ನಮೂದಿಸಿ ಆಯವ್ಯಯ ಅಧಿವೇಶನಕ್ಕೆ ಸಾಕಷ್ಟು ಮುಂಚೆ ಸಲ್ಲಿಸುವುದು ಲೇಸು. ಶಾಸಕರು ಚುಕ್ಕೆ ಗುರುತಿನ ಪ್ರಶ್ನೆ ಕೇಳಿ, ಅದು ಮೌಖಿಕ ಉತ್ತರಕ್ಕೆ ಬಂದಲ್ಲಿ ಉಪಪ್ರಶ್ನೆಗೂ ಅವಕಾಶವುಂಟು.