ಬೆಟ್ಟ ಬೋಳಾಗಿರುವುದು ಎತ್ತರದಿಂದಲ್ಲ

ಶಾಲೆಯ ಭೂಗೋಳ ಪುಸ್ತಕದಲ್ಲಿ ಆ ಚಿತ್ರ ಇದ್ದೇ ಇರುತ್ತದೆ. ಬುಡದಲ್ಲಿ ದಟ್ಟ ಕಾಡು, ಅದರ ಮೇಲೆ ಸೂಚಿಪರ್ಣಿ ಮರಗಳು, ಇನ್ನೂ ಮೇಲೆ ಹುಲ್ಲು, ನೆತ್ತಿಯಲ್ಲಿ ಹಿಮ. ಆ ಬಗೆಯ ಚಿತ್ರಗಳ ಮೂಲಪುರುಷ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್. 1802ರಲ್ಲಿ ಆಂಡಿಸ್ ಸಾಲಿನ ಚಿಂಬೊರಾಜೊ ಪರ್ವತ ಹತ್ತಿದವನು, ಯಾವ ಎತ್ತರದಲ್ಲಿ ಯಾವ ಗಿಡ ಎಂಬುದನ್ನೆಲ್ಲ ಒಂದೇ ದೊಡ್ಡ ಹಾಳೆಯಲ್ಲಿ ತುಂಬಿ 1807ರಲ್ಲಿ ಪ್ರಕಟಿಸಿದ. ಅದೇ 1807ರಲ್ಲಿ ಲಂಡನ್ನಿನಲ್ಲಿ ಇನ್ನೊಂದು ಪ್ರವಾಸಕಥನವೂ ಅಚ್ಚಾಯಿತು. ಅದನ್ನು ಬರೆದ ಫ್ರಾನ್ಸಿಸ್ ಬುಕಾನನ್ 1800ರಲ್ಲಿ ನಮ್ಮ ಶಿರಾ, ಮಧುಗಿರಿ, ಚನ್ನರಾಯನದುರ್ಗದ ಕಡೆ ಓಡಾಡಿದವನು. ಅವನೂ ಸಸ್ಯಶಾಸ್ತ್ರ ಬಲ್ಲವನೇ. ಹಂಬೋಲ್ಟನ ಚಿತ್ರ ಲೋಕವೆಲ್ಲ ಹರಡಿತು. ಬುಕಾನನ್ ಬರೆದದ್ದು ಗೆಜೆಟಿಯರ್ ಓದುವವರ ಕಪಾಟಿನಲ್ಲಿ ಉಳಿಯಿತು. ಹಾಗಾಗಿ ಭಾನುವಾರ ಬೆಂಗಳೂರಿನಿಂದ ಬಂದು ಮಧುಗಿರಿ ಬೆಟ್ಟ ಹತ್ತುವವರು ಇವತ್ತಿಗೂ ಆಂಡಿಸ್‌ನ ಲೆಕ್ಕವನ್ನೇ ಹಾಕುತ್ತಾರೆ.

ಹತ್ತುತ್ತ ಹೋದಂತೆ ಗಿಡಮರ ಬದಲಾಗುವುದು ನಿಜ. ಆದರೆ ನಮ್ಮ ಸೀಮೆಯಲ್ಲಿ ಅದನ್ನು ಬದಲಾಯಿಸುವುದು ಎತ್ತರವಲ್ಲ. ಕಾಲ ಕೆಳಗೆ ಮಣ್ಣು ಎಷ್ಟು ಆಳವಿದೆ, ಬಿದ್ದ ನೀರು ಎಷ್ಟು ದಿನ ನಿಲ್ಲುತ್ತದೆ ಎಂಬ ಎರಡೇ ಸಂಗತಿ.

ತಪ್ಪು ಕಲ್ಪನೆ: ಮೇಲೆ ಗಾಳಿ ತೆಳು, ಚಳಿ ಹೆಚ್ಚು, ಅದಕ್ಕೇ ಮಧುಗಿರಿ ಬೆಟ್ಟದಲ್ಲಿ ಮರ ಇಲ್ಲ

ಬೆಟ್ಟದ ತುದಿ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್. ಕೇಳಿದರೆ ದೊಡ್ಡ ಎತ್ತರವೇ. ಆದರೆ ಮಧುಗಿರಿ ಪೇಟೆಯೇ 780 ಮೀಟರಿನ ಆಸುಪಾಸಿನಲ್ಲಿದೆ. ನಾವು ಹತ್ತುವುದು 400 ಮೀಟರ್ ಚಿಲ್ಲರೆ ಮಾತ್ರ. ಪ್ರತಿ 1,000 ಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ತಾಪಮಾನ ಇಳಿಯುತ್ತದೆ ಎಂಬ ಲೆಕ್ಕದಲ್ಲಿ, ಬುಡಕ್ಕೂ ತುದಿಗೂ ಇರುವ ವ್ಯತ್ಯಾಸ ಮೂರು ಡಿಗ್ರಿಗಿಂತ ಕಡಿಮೆ. ಬೆಳಗಿನ ತಿಂಡಿಗೂ ಮಧ್ಯಾಹ್ನದ ಊಟಕ್ಕೂ ನಡುವೆ ಪೇಟೆಯಲ್ಲೇ ಇದಕ್ಕಿಂತ ಹೆಚ್ಚು ಏರುಪೇರಾಗುತ್ತದೆ. ಗಾಳಿಯ ಒತ್ತಡ ಶೇಕಡಾ 5ರಷ್ಟೂ ಇಳಿಯುವುದಿಲ್ಲ. ಏದುಸಿರು ಬರುವುದು ಮೆಟ್ಟಿಲು ಕಡಿದಾಗಿರುವುದರಿಂದ.

ಚಳಿಗೆ ಮರ ಸೋಲುವ ಎತ್ತರ ಬೇರೆಯೇ ಇದೆ. ಹಿಮಾಲಯದಲ್ಲಿ ಆ ಗೆರೆ ಸುಮಾರು 3,500 ಮೀಟರಿನಿಂದ ಮೇಲೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,900 ಮೀಟರ್ ಚಿಲ್ಲರೆ; ಅಲ್ಲೂ ನೆತ್ತಿಯ ಮೇಲೆ ಹುಲ್ಲಿದ್ದರೆ ಪಕ್ಕದ ಕಣಿವೆಯ ಮಡಿಲಲ್ಲಿ ಶೋಲಾ ಕಾಡು ನಿಂತಿದೆ. ಚಳಿಯಿಂದ ಮರ ಬೆಳೆಯದ ಬೆಟ್ಟ ಎಂಬುದು ನಮ್ಮ ರಾಜ್ಯದಲ್ಲೇ ಇಲ್ಲ.

ಹಾಗಾದರೆ ಬೋಳು ಏಕೆ? ಹತ್ತುವಾಗ ನೆಲವನ್ನು ನೋಡಿಕೊಂಡು ಹತ್ತಬೇಕು. ಬುಡದಲ್ಲಿ ಹುಣಸೆ, ಹೊಂಗೆ, ಬೇವು. ಅಲ್ಲಿಂದ ಕೋಟೆಯ ಮೊದಲ ಬಾಗಿಲುಗಳ ಆಸುಪಾಸಿನಲ್ಲಿ ಸೀತಾಫಲ, ಲಂಟಾನ, ಬಂದರೆ ಗಿಡ, ಕಾರೆಮುಳ್ಳು. ಆಮೇಲೆ ಬಂಡೆ ಶುರು. ಕಂಬಿ ಹಿಡಿದು ಹತ್ತುವ ಆ ಇಳಿಜಾರಿನಲ್ಲಿ ಹುಲ್ಲುಕಡ್ಡಿಗೂ ಗತಿ ಇಲ್ಲ, ಏಕೆಂದರೆ ಅಲ್ಲಿ ಒಂದು ಹಿಡಿ ಮಣ್ಣು ನಿಲ್ಲುವುದಿಲ್ಲ. ಬಿದ್ದ ಮಳೆ ಇದ್ದ ಧೂಳನ್ನೂ ಹೊತ್ತುಕೊಂಡು ಜಾರುತ್ತದೆ. ತುದಿಗೆ ಹೋದರೆ ಚಿತ್ರ ಮತ್ತೆ ತಿರುಗುತ್ತದೆ. ಅಲ್ಲಿ ನೆಲ ಸ್ವಲ್ಪ ಮಟ್ಟಸವಾಗಿದೆ, ಕೋಟೆಯ ಗೋಡೆಗಳೂ ಪಾಳುಬಿದ್ದ ಕಟ್ಟಡಗಳೂ ಮಣ್ಣನ್ನು ಹಿಡಿದುಕೊಂಡಿವೆ. ಹುಲ್ಲು, ಪೊದೆ ಮತ್ತೆ ಕಾಣಿಸುತ್ತವೆ. ಪಠ್ಯಪುಸ್ತಕದ ಪ್ರಕಾರ ಅತಿ ಬೋಳಾಗಿರಬೇಕಾದದ್ದು ತುದಿ. ಇಲ್ಲಿ ಬೋಳಾಗಿರುವುದು ನಡು.

ಇನ್ನೊಂದು ಲೆಕ್ಕವೂ ಇದೆ. ಒಂದು ಹೆಕ್ಟೇರ್ ಬಂಡೆಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಎರಡು ಲಕ್ಷ ಲೀಟರ್ ನೀರು. ಬಂಡೆ ಅದನ್ನು ಕುಡಿಯುವುದಿಲ್ಲ, ಹೆಚ್ಚುಕಡಿಮೆ ಅಷ್ಟನ್ನೂ ಬುಡಕ್ಕೆ ಕಳಿಸುತ್ತದೆ. ಬೆಟ್ಟದ ಬುಡದ ಹುಣಸೆಮರಗಳು ತಮ್ಮ ಪಾಲಿನ ಮಳೆಯ ಜೊತೆಗೆ ಬಂಡೆಯ ಪಾಲನ್ನೂ ಉಣ್ಣುತ್ತಿವೆ. ನಮ್ಮ ಹಿಂದಿನವರು ಕಲ್ಯಾಣಿ, ಕಟ್ಟೆಗಳನ್ನು ಬೆಟ್ಟದ ಬುಡಕ್ಕೇ ಕಟ್ಟಿದ್ದರಲ್ಲಿ ಈ ಲೆಕ್ಕ ಇದ್ದೇ ಇತ್ತು.

(‘ಏಷ್ಯಾದ ಎರಡನೇ ಅತಿದೊಡ್ಡ ಏಕಶಿಲೆ’ ಎಂಬ ಮಾತು ಬಂದವರ ಬಾಯಲ್ಲೆಲ್ಲ ಇದೆ. ಮಾಗಡಿ ಕಡೆಯವರು ಸಾವನದುರ್ಗಕ್ಕೂ ಇಂಥದೇ ಬಿರುದು ಕೊಟ್ಟಿದ್ದಾರೆ. ಎಲ್ಲಿಂದ ಎಲ್ಲಿಗೆ ಅಳೆದರೆ ಒಂದು ಶಿಲೆ ಎಂಬುದನ್ನು ಮೊದಲು ತೀರ್ಮಾನಿಸಲಿ, ಆಮೇಲೆ ಸ್ಥಾನಮಾನ.)

ತಪ್ಪು ಕಲ್ಪನೆ: ಒಂದೇ ಎತ್ತರದಲ್ಲಿ ಒಂದೇ ಬಗೆಯ ಕಾಡು

ಪಾವಗಡ ಸುಮಾರು 650 ಮೀಟರ್ ಎತ್ತರದಲ್ಲಿದೆ, ಶಿರಾ ಕೂಡ ಅಷ್ಟೇ. ಆಗುಂಬೆಯೂ ಅಷ್ಟೇ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ, ಬಿಸಿಲು ನೆಲಕ್ಕೆ ಬೀಳದ ನಿತ್ಯಹರಿದ್ವರ್ಣ ಕಾಡು. ನಮ್ಮ ಈ ತಾಲ್ಲೂಕುಗಳಲ್ಲಿ 500ರಿಂದ 700ರೊಳಗೆ, ಅದೂ ಬಂದರೆ. ಜಾಲಿ, ಕಗ್ಗಲಿ, ಕಾರೆ. ಎತ್ತರವೇ ಕಾಡನ್ನು ತೀರ್ಮಾನಿಸುವುದಾದರೆ ಪಾವಗಡದಲ್ಲೂ ಸಿಂಹಬಾಲದ ಕೋತಿ ಕೂಗಬೇಕಿತ್ತು.

ದೂರದ ಮಾತು ಬೇಡ. ಕೊರಟಗೆರೆಗೆ ಪಕ್ಕದಲ್ಲೇ ಇರುವ ದೇವರಾಯನದುರ್ಗ ಎತ್ತರದಲ್ಲಿ ಮಧುಗಿರಿ ಬೆಟ್ಟಕ್ಕೆ ಸರಿಸಾಟಿ. ಅದರ ಇಳಿಜಾರಿನಲ್ಲಿ ಮಣ್ಣಿರುವ ಕಡೆಯೆಲ್ಲ ಎಲೆ ಉದುರಿಸುವ ಕಾಡು ಇದೆ. ಜಯಮಂಗಲಿ ಹುಟ್ಟುವುದು ಅಲ್ಲೇ. ಶಿರಾದ ಬುಕ್ಕಾಪಟ್ಟಣದ ಗುಡ್ಡಗಳದು ಮತ್ತೊಂದು ಕಥೆ. ಮಧುಗಿರಿ, ಪಾವಗಡದ ಬೆಟ್ಟಗಳು ಸುಮಾರು 250 ಕೋಟಿ ವರ್ಷ ಹಳೆಯ ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿಯವು. ಆ ಕಲ್ಲು ದುಂಡಗೆ, ಸಿಪ್ಪೆ ಸುಲಿದಂತೆ ಸವೆಯುತ್ತದೆ, ಮಣ್ಣು ಕಟ್ಟುವುದು ಕಷ್ಟ. ಬುಕ್ಕಾಪಟ್ಟಣದ ಕಡೆ ಹಾದುಹೋಗುವುದು ಚಿತ್ರದುರ್ಗದ ಪದರುಶಿಲೆ. ಅಜ್ಜನಹಳ್ಳಿಯಲ್ಲಿ ಚಿನ್ನದ ಅದಿರು ಸಿಕ್ಕಿದ್ದೂ ಆ ಪಟ್ಟಿಯಲ್ಲೇ. ಅದು ಹೋಳುಹೋಳಾಗಿ ಒಡೆಯುತ್ತದೆ, ಸಂದುಗಳಲ್ಲಿ ಬೇರು ಇಳಿಯುತ್ತದೆ. ಅಲ್ಲಿ ದಿಂಡುಗ ಇದೆ, ಕಮರ ಇದೆ. ಆ ಕುರುಚಲು ಕಾಡನ್ನು ನೆಚ್ಚಿಕೊಂಡ ಚಿಂಕಾರಗಳಿಗಾಗಿ 2019ರಲ್ಲಿ ವನ್ಯಜೀವಿಧಾಮವನ್ನೂ ಘೋಷಿಸಿದ್ದಾರೆ.

ಎತ್ತರ ನಿಜವಾಗಿ ಕೆಲಸ ಮಾಡುವ ಉದಾಹರಣೆ ಹತ್ತಿರದಲ್ಲಿ ಬೇಕೆಂದರೆ ನಂದಿಬೆಟ್ಟ. 1,478 ಮೀಟರಿನ ಆ ತಲೆಯ ಮೇಲೆ ಮೋಡ ಬಂದು ಕೂರುತ್ತದೆ. ಎಲೆಗೆ ತಾಗಿದ ಮಂಜು ಹನಿಯಾಗಿ ಬೇರಿಗೆ ಇಳಿಯುತ್ತದೆ. ಹಾಗಾಗಿ ಸುತ್ತ ಒಣ ಸೀಮೆ ಇದ್ದರೂ ಮೇಲೆ ಹಾವಸೆ ಹೊದ್ದ ಹಸಿರು ಮರಗಳಿವೆ. ಅಲ್ಲೂ ಮರ ಬೆಳೆಸಿದ್ದು ತಂಪಿಗಿಂತ ಹೆಚ್ಚಾಗಿ ತೇವ.

ತಪ್ಪು ಕಲ್ಪನೆ: ಮೇಲೆ ಹೋದಷ್ಟೂ ತಂಪು

ಯಾವಾಗಲೂ ಅಲ್ಲ. ಪುಷ್ಯಮಾಸದ ಗಾಳಿಯಿಲ್ಲದ ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ತಗ್ಗಿಗೆ ಇಳಿದು ನಿಲ್ಲುತ್ತದೆ. ಬೆಳಗಿನ ಜಾವ ಬುಡದ ಹೊಲದಲ್ಲಿ ಹಲ್ಲು ಕಡಿಯುವ ಚಳಿ ಇದ್ದಾಗ ಬಂಡೆಯ ಮೇಲೆ ಬೆಚ್ಚಗಿರಬಹುದು. ಬೇಸಿಗೆಯ ಮಧ್ಯಾಹ್ನವಂತೂ ಅರೆಕಲ್ಲಿನ ಮೇಲೆ ಅಂಗೈ ಊರಲಾಗುವುದಿಲ್ಲ. ಮೇಲಿನ ಗಿಡಗಳು ತಾಳಿಕೊಳ್ಳಬೇಕಾದದ್ದು ಚಳಿಯನ್ನಲ್ಲ, ಕಾವನ್ನು. ಬೆಟ್ಟದ ತೆಂಕಣ ಮಗ್ಗುಲು ಒಣಗಿ, ಬಡಗಣ ಮಗ್ಗುಲಿನ ಕೊರಕಲಲ್ಲಿ ಹಸಿರು ಉಳಿಯುವುದೂ ಇದರಿಂದಲೇ: ಮಳೆ ನಿಂತ ಮೇಲಿನ ತಿಂಗಳುಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ.

ತಪ್ಪು ಕಲ್ಪನೆ: ಬಂಡೆ ಎಂದರೆ ಬರಡು

ಮಿಡಿಗೇಶಿ ಬೆಟ್ಟವನ್ನೋ ಪಾವಗಡದ ಕೋಟೆಯನ್ನೋ ದೂರದಿಂದ ನೋಡಿದರೆ ಬಂಡೆಯ ಮೈಮೇಲೆ ಮೇಲಿಂದ ಕೆಳಕ್ಕೆ ಇಳಿದ ಕಪ್ಪು ಪಟ್ಟೆಗಳು ಕಾಣುತ್ತವೆ. ನೀರು ಹರಿದು ಕೊಳೆ ಕಟ್ಟಿದೆ ಎಂದುಕೊಳ್ಳುವವರೇ ಹೆಚ್ಚು. ಅದರಲ್ಲಿ ಬಹುಪಾಲು ಜೀವಂತ. ಮಳೆನೀರು ಹರಿಯುವ ಜಾಡಿನಲ್ಲಿ ಮನೆಮಾಡಿದ ನೀಲಿಹಸಿರು ಪಾಚಿ ಅದು, ಬಿಸಿಲಿನ ಕೆಟ್ಟ ಕಿರಣ ತಡೆಯಲು ಗಾಢ ಬಣ್ಣವನ್ನು ಮೈಗೆ ಬಳಿದುಕೊಂಡಿದೆ. ಪಕ್ಕದಲ್ಲಿ ಬೂದಿ, ಹಳದಿ, ತಿಳಿಹಸಿರಿನ ಚಕ್ಕೆಗಳಂತೆ ಅಂಟಿರುವುದು ಕಲ್ಲುಹೂವು. ನಮ್ಮ ಮಸಾಲೆ ಡಬ್ಬಿಯಲ್ಲಿರುವುದು ಅದೇ ಬಳಗದ್ದು.

ಬಂಡೆಯಲ್ಲಿ ತಟ್ಟೆಯಗಲದ ತಗ್ಗು ಸಿಕ್ಕರೆ ಕುಕ್ಕರುಗಾಲಲ್ಲಿ ಕೂತು ನೋಡಬೇಕು. ಅಂಚಿನಲ್ಲಿ ಬರೀ ಕಲ್ಲುಹೂವು. ಒಂದು ಬೆರಳು ಒಳಗೆ ಹಾವಸೆಯ ಮೆತ್ತೆ. ಮರಳು ಎರಡು ಬೆರಳು ದಪ್ಪ ಆದಲ್ಲಿ ಕೂದಲಿನಂಥ ಹುಲ್ಲು. ನಡುವೆ ಗೇಣುದ್ದ ಮಣ್ಣು ನಿಂತಿದ್ದರೆ ಒಂದು ಬಂದರೆ ಗಿಡ. ಪಠ್ಯದ ಚಿತ್ರದಲ್ಲಿ ಸಾವಿರಾರು ಮೀಟರಿನ ಉದ್ದಕ್ಕೆ ಹಂಚಿಕೊಂಡ ಪಟ್ಟಿಗಳು ಇಲ್ಲಿ ಒಂದು ಮೊಳದೊಳಗೆ ಮುಗಿಯುತ್ತವೆ, ಅದೂ ಅಡ್ಡಡ್ಡಕ್ಕೆ. ನೀರು ನಿಲ್ಲುವ ದೊಣೆಗಳದ್ದೂ, ಮಳೆಗಾಲ ಮುಗಿದ ಮೇಲೂ ಜಿನುಗುವ ಒಸರುಗಳದ್ದೂ ಬೇರೆ ಪ್ರಪಂಚ. ದಖ್ಖನ್ನಿನ ಇಂಥ ಒಸರು ನೆಲಗಳಲ್ಲಿ ಹುಳ ಹಿಡಿದು ತಿನ್ನುವ ಗಿಡಗಳೂ ಬೆಳೆಯುತ್ತವೆ. ಸಾರಜನಕವಿಲ್ಲದ ಮರಳಿನಲ್ಲಿ ಹೊಟ್ಟೆ ತುಂಬಬೇಕಲ್ಲ.

ಬಿರುಕುಗಳಲ್ಲಿ ಕಲ್ಲರಳಿ. ಹಕ್ಕಿ ಉದುರಿಸಿದ ಬೀಜ ಸಂದಿನಲ್ಲಿ ಮೊಳೆತು, ಬೇರು ಬಂಡೆಯ ಮೈಗೆ ಮೇಣದಂತೆ ಹರಡಿ, ಕೆಳಗೆಲ್ಲೋ ಮಣ್ಣು ಸಿಗುವವರೆಗೂ ಇಳಿಯುತ್ತದೆ. ಬೀಜ ಹೊತ್ತು ಹತ್ತುವವರಲ್ಲಿ ಕರಡಿಯೂ ಒಂದು. ಬೋರೆ, ಕಕ್ಕೆ, ಅತ್ತಿ, ಯಾವುದನ್ನೂ ಅದು ಬಿಡುವುದಿಲ್ಲ. ಮಧುಗಿರಿ ಸೀಮೆಯ ತಿಮ್ಮಲಾಪುರದ ಕಾಡು ಕರಡಿಗಳ ಧಾಮವಾಗಿದೆ. ಬಂಡೆಗುಹೆಗಳ ಸುತ್ತ ಹಣ್ಣಿನ ಗಿಡಗಳಿದ್ದರೆ ಅದರಲ್ಲಿ ಕರಡಿಯ ಕೈವಾಡವೂ ಇದ್ದೀತು.

ತಪ್ಪು ಕಲ್ಪನೆ: ಸಿದ್ಧರಬೆಟ್ಟದ ಮೇಲೆ ಮಾತ್ರ ಸಂಜೀವಿನಿ, ಎತ್ತರಕ್ಕೆ ಹೋದಷ್ಟೂ ಔಷಧದ ಗುಣ ಹೆಚ್ಚು

ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟಕ್ಕೆ ಗಿಡಮೂಲಿಕೆಯ ಹೆಸರು ಹಳೆಯದು. ಗುಹೆಯೊಳಗಿನ ನೀರಿಗೂ ರೋಗ ಕಳೆಯುವ ಕೀರ್ತಿ ಇದೆ. ಭಕ್ತಿಯ ಮಾತು ಭಕ್ತರಿಗೆ ಬಿಡೋಣ. ಗಿಡಗಳ ಮಾತು ಬೇರೆ. ಬೆಟ್ಟದಲ್ಲಿ ಬೆಳೆಯುವುದು ಈ ಒಣ ಸೀಮೆಯ ಗುಡ್ಡಗಳಲ್ಲೆಲ್ಲ ಸಿಗುವ ಗಿಡಗಳೇ. ದನ ಮೇಯದ, ಕೊಡಲಿ ಬೀಳದ ಮೂಲೆಗಳು ಅಲ್ಲಿ ಹೆಚ್ಚು ಉಳಿದಿದ್ದರಿಂದ ಒಟ್ಟಿಗೆ ಸಿಗುತ್ತವೆ. ಎತ್ತರದಿಂದ ಗುಣ ಏರುವುದಿಲ್ಲ.

ಜಾತ್ರೆಗಳಲ್ಲಿ ಸಂಜೀವಿನಿ ಎಂದು ಒಣಗಿದ ಮುಷ್ಟಿಯಂಥ ಉಂಡೆ ಮಾರುತ್ತಾರಲ್ಲ, ನೀರಿಗೆ ಹಾಕಿದರೆ ಕೆಲವು ಗಂಟೆಗಳಲ್ಲಿ ಹಸಿರಾಗಿ ಬಿಚ್ಚಿಕೊಳ್ಳುವುದು, ಅದರ ಶಾಸ್ತ್ರೀಯ ಹೆಸರು ಸೆಲಾಜಿನೆಲ್ಲ ಬ್ರಯಾಪ್ಟೆರಿಸ್. ಜರೀಗಿಡಗಳ ದೂರದ ನೆಂಟ. ಭಾರತದ ಹಲವು ಬಂಡೆಗುಡ್ಡಗಳಲ್ಲಿ ಅದು ಬೆಳೆಯುತ್ತದೆ, ಹಿಮಾಲಯದ ಎತ್ತರವೇನೂ ಬೇಕಿಲ್ಲ. ಕಾದಂಬರಿಕಾರರಾಗಿ ಕನ್ನಡಿಗರಿಗೆ ಗೊತ್ತಿರುವ ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯ, ಆರ್. ವಾಸುದೇವ ಮತ್ತು ಆರ್. ಉಮಾಶಂಕರ್ ಅವರು 2009ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ರಾಮಾಯಣದ ಸಂಜೀವಿನಿ ಯಾವುದಿರಬಹುದೆಂದು ಹುಡುಕುವ ಲೇಖನ ಬರೆದರು. ಅವರ ಜರಡಿಯಲ್ಲಿ ಉಳಿದ ಗಿಡಗಳಲ್ಲಿ ಇದೂ ಒಂದು. ಅದು ಒಣಗಿ ಮುದುಡಿ, ತೇವ ಸಿಕ್ಕಾಗ ಮತ್ತೆ ಉಸಿರಾಡುವುದು ನಿಜ. ಸತ್ತು ಬದುಕುವುದಲ್ಲ, ಸಾಯದೆ ಕಾಯುವುದು. ಬಂಡೆಯ ಮೇಲಿನ ಎಷ್ಟೋ ಹುಲ್ಲು, ಹಾವಸೆಗಳೂ ಹೀಗೇ ಕಾಯುತ್ತವೆ. ಮಾರ್ಚ್‌ನಲ್ಲಿ ಹತ್ತಿ ‘ಎಲ್ಲ ಸತ್ತಿದೆ’ ಎಂದವರು ಆಗಸ್ಟ್‌ನಲ್ಲಿ ಇನ್ನೊಮ್ಮೆ ಹತ್ತಲಿ.

ತಪ್ಪು ಕಲ್ಪನೆ: ಈ ಬೆಟ್ಟಗಳು ಮೊದಲಿನಿಂದಲೂ ಹೀಗೇ ಇದ್ದವು

ಬಂಡೆಯ ಮೈ ಹೀಗೇ ಇತ್ತು, ಒಪ್ಪೋಣ. ಸುತ್ತಲಿನ ಇಳಿಜಾರು ಹೀಗಿರಲಿಲ್ಲ. ಮಳೆನೀರು ಬೆಟ್ಟಗಳಿಂದ ಕೊಚ್ಚಿ ತರುವ ಕಪ್ಪು ಮರಳನ್ನು ಜಾಲಿಸಿ ಕಬ್ಬಿಣ ಕರಗಿಸುವ ಕುಲುಮೆಗಳು ಮಧುಗಿರಿ, ಚನ್ನರಾಯನದುರ್ಗದ ಸುತ್ತ ಇದ್ದವು. ಬುಕಾನನ್ ಅವನ್ನು ಕಂಡು ವಿವರವಾಗಿ ಬರೆದಿದ್ದಾನೆ. ಕುಲುಮೆ ಉರಿದದ್ದು ಇದ್ದಿಲಿನಿಂದ, ಇದ್ದಿಲು ಬಂದದ್ದು ಇದೇ ಗುಡ್ಡಗಳ ಮರದಿಂದ. ಅದರ ಜೊತೆಗೆ ಕೋಟೆಯ ದಂಡಿನ ಒಲೆ, ಊರಿನ ಒಲೆ, ದನಕುರಿ. ಬೇಸಿಗೆಯಲ್ಲಿ ಹುಲ್ಲಿಗೆ ಬೆಂಕಿಯಿಟ್ಟರೆ ಹೊಸ ಹುಲ್ಲು ಚೆನ್ನಾಗಿ ಬರುತ್ತದೆಂಬ ನಂಬಿಕೆ ಇವತ್ತಿಗೂ ಹೋಗಿಲ್ಲ. ಮೊದಲ ಮಳೆಗೆ ಎಳೆ ಹುಲ್ಲು ಬರುವುದು ಹೌದು; ಅದೇ ಮಳೆಗೆ ಬೂದಿಯೂ, ಹಿಡಿದಿಡುವ ಬೇರಿಲ್ಲದ ಮಣ್ಣೂ ಹಳ್ಳ ಸೇರುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮತ್ತೆಮತ್ತೆ ಸುಟ್ಟ ಇಳಿಜಾರಿನಲ್ಲಿ ಉಳಿಯುವುದು ಬೆಂಕಿಗೆ ಬಗ್ಗದ ಕಿರು ಈಚಲು, ಒರಟು ಹುಲ್ಲು, ಬಂದರೆ.

ತಪ್ಪು ಕಲ್ಪನೆ: ಬೋಳು ಜಾಗ ಕಂಡಲ್ಲೆಲ್ಲ ಗಿಡ ನೆಡಬೇಕು

ಜೂನ್ ಬಂತೆಂದರೆ ಬೀಜದುಂಡೆ ಹಿಡಿದು ಬೆಟ್ಟಕ್ಕೆ ಹೊರಡುವವರ ಉತ್ಸಾಹ ದೊಡ್ಡದು. ಬಂಡೆಯ ಮೇಲೆ ಎಸೆದ ಉಂಡೆ ಮುಂದಿನ ಮಳೆಗೆ ಬುಡ ಸೇರುತ್ತದೆ, ಅಲ್ಲಿ ಲಂಟಾನದಡಿ ಮೊಳೆತರೂ ಬಿಸಿಲು ಕಾಣುವುದಿಲ್ಲ. ಇನ್ನು ಬಯಲು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು ಕೃಷ್ಣಮೃಗಗಳ ಮನೆ. 798 ಎಕರೆಯ ಆ ಜಾಗವನ್ನು 2007ರಲ್ಲಿ ಜಯಮಂಗಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ಅದರೊಳಗೂ ನೀಲಗಿರಿ ತೋಪುಗಳಿವೆ. ಮರವಿಲ್ಲದ ನೆಲ ಖಾಲಿ ನೆಲ ಎಂದುಕೊಂಡ ಕಾಲದ ಗುರುತು ಅವು. ಓಡಿಯೇ ಜೀವ ಉಳಿಸಿಕೊಳ್ಳುವ ಪ್ರಾಣಿಗೆ ಬೇಕಿದ್ದುದು ದೂರದವರೆಗೂ ಕಾಣುವ ಹುಲ್ಲುಬಯಲು.

ನೆಡಲೇಬೇಕೆಂದರೆ ಜಾಗ ಇಲ್ಲದಿಲ್ಲ. ಬಂಡೆ ಮುಗಿದು ಮಣ್ಣು ಶುರುವಾಗುವ ಅಂಚಿನಲ್ಲಿ, ಮೇಲಿನ ನೀರೆಲ್ಲ ಬಂದು ಬೀಳುವ ಆ ಪಟ್ಟಿಯಲ್ಲಿ, ಲಂಟಾನ ಕಿತ್ತು, ಇಳಿಜಾರಿಗೆ ಅಡ್ಡವಾಗಿ ಕಲ್ಲಿನ ಸಣ್ಣ ಒಡ್ಡು ಹಾಕಿ, ಕಮರ, ದಿಂಡುಗ, ಹೊಂಗೆ ಇಟ್ಟರೆ ಹಿಡಿಯುತ್ತವೆ. ಮೊದಲ ಎರಡು ಮೂರು ಬೇಸಿಗೆ ಬೆಂಕಿ ಮತ್ತು ಮೇಕೆ ಬೀಳದಂತೆ ಕಾಯುವವರೊಬ್ಬರು ಮಾತ್ರ ಬೇಕು.