ಮಾತಿನ ಚಿಕಿತ್ಸೆಯೂ ಚಿಕಿತ್ಸೆಯೇ: ಸಿಬಿಟಿ ಎಲ್ಲಿ ಸಿಗುತ್ತದೆ, ಏನು ಕೇಳಬೇಕು?

ನಿಮ್ಮ ಮನೆಯಲ್ಲಿ ಯಾರಾದರೂ ವುಝೂ ಮಾಡಲು ನಳದ ಮುಂದೆ ಕುಳಿತರೆ ಅರ್ಧ ಗಂಟೆಯಾದರೂ ಏಳುವುದಿಲ್ಲವೇ? ಕೈ ತೊಳೆದಾಯಿತು, ಆದರೂ ಮೊಣಕೈ ಒಣಗಿದೆಯೇನೋ ಎಂಬ ಶಂಕೆ. ನಮಾಝ್ ಮುಗಿಯಿತು, ರಕಅತ್ ತಪ್ಪಿತೇನೋ ಎಂದು ಮತ್ತೆ ಮೊದಲಿನಿಂದ. ಮನೆಯವರು ಮೊದಲು "ಎಷ್ಟು ದೀನ್‌ದಾರ್ ಹುಡುಗಿ" ಎಂದು ಮೆಚ್ಚುತ್ತಾರೆ. ಆಮೇಲೆ ನೀರು ಖರ್ಚಾಯಿತು ಎಂದು ಬೈಯುತ್ತಾರೆ. ಕೊನೆಗೆ ತಾವೀಝ್ ಕಟ್ಟಿಸುತ್ತಾರೆ.

ಇಂಥ ಒಬ್ಬ ಹೆಣ್ಣುಮಗಳನ್ನು ಕೆಲವು ವರ್ಷಗಳ ಹಿಂದೆ ಆಕೆಯ ತಾಯಿ ನನ್ನ ದವಾಖಾನೆಗೆ ಕರೆತಂದಿದ್ದರು. ತೊಳೆದು ತೊಳೆದು ಕೈಯ ಚರ್ಮ ಬಿರುಕು ಬಿಟ್ಟಿತ್ತು. ನಾನು ಕೈಗೆ ಮುಲಾಮು, ಎದೆಬಡಿತಕ್ಕೆ ಖಮೀರಾ ಕೊಟ್ಟೆ. ಕೈ ವಾಸಿಯಾಯಿತು, ಶಂಕೆ ಹೋಗಲಿಲ್ಲ. "ಈಕೆಗೆ ಬೇಕಾದ ಚಿಕಿತ್ಸೆ ನನ್ನ ಬಳಿ ಇಲ್ಲ" ಎಂದು ಹೇಳಲು ನಾನು ನಾಲ್ಕು ತಿಂಗಳು ತಡ ಮಾಡಿದೆ. ಅಷ್ಟು ಕಾಲ ನಿಮ್ಮ ಮನೆಯಲ್ಲಿ ವ್ಯರ್ಥವಾಗಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ.

ಸಿಬಿಟಿ ಎಂದರೇನು?

ನಾವು ವಸ್ವಾಸ್ ಎನ್ನುವುದು ಅತಿಯಾಗಿ ದಿನದ ಕೆಲಸಗಳನ್ನೇ ಕೆಡಿಸತೊಡಗಿದಾಗ ವೈದ್ಯರು ಅದನ್ನು ಗೀಳು ಕಾಯಿಲೆ (ಓಸಿಡಿ) ಎನ್ನುತ್ತಾರೆ. ಇದಕ್ಕೆ, ಹಾಗೆಯೇ ಖಿನ್ನತೆ, ಅತಿಯಾದ ಆತಂಕ, ದಿಢೀರ್ ಗಾಬರಿಗೆ ಪರಿಣಾಮಕಾರಿ ಎಂದು ಸಾಬೀತಾದ ಚಿಕಿತ್ಸೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಚಿಕ್ಕದಾಗಿ ಸಿಬಿಟಿ. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಇದರ ಮುಖ್ಯ ಅಡಿಪಾಯ ಹಾಕಿದರು.

ಇದರ ಲೆಕ್ಕ ಸರಳ. ವಿಚಾರ, ಭಾವನೆ, ವರ್ತನೆ ಮೂರೂ ಒಂದಕ್ಕೊಂದು ಗಂಟು ಬಿದ್ದಿರುತ್ತವೆ. "ವುಝೂ ಆಗಲಿಲ್ಲ" ಎಂಬ ವಿಚಾರ ಬರುತ್ತದೆ, ಭಯವಾಗುತ್ತದೆ, ಮತ್ತೆ ತೊಳೆಯುತ್ತಾರೆ, ಐದು ನಿಮಿಷ ನೆಮ್ಮದಿ. ಆ ನೆಮ್ಮದಿಯೇ ಮುಂದಿನ ಶಂಕೆಗೆ ಬಲ ಕೊಡುತ್ತದೆ. ಚಿಕಿತ್ಸಕರು ಈ ಚಕ್ರವನ್ನು ಕಾಗದದ ಮೇಲೆ ಬರೆದು ತೋರಿಸುತ್ತಾರೆ. ನಂತರ ಮೆಟ್ಟಿಲು ಮೆಟ್ಟಿಲಾಗಿ, ಶಂಕೆ ಬಂದರೂ ಮತ್ತೆ ತೊಳೆಯದೆ ಇರುವ ಅಭ್ಯಾಸ ಮಾಡಿಸುತ್ತಾರೆ. ಮೊದಮೊದಲು ಆತಂಕ ಹೆಚ್ಚುತ್ತದೆ, ಅಭ್ಯಾಸ ಮುಂದುವರಿದಂತೆ ಇಳಿಯುತ್ತ ಹೋಗುತ್ತದೆ. ಸಾಮಾನ್ಯವಾಗಿ ವಾರಕ್ಕೊಮ್ಮೆ 45ರಿಂದ 60 ನಿಮಿಷದಂತೆ 12ರಿಂದ 20 ಭೇಟಿಗಳು ಬೇಕಾಗುತ್ತವೆ. ನಡುವೆ ಮನೆಯಲ್ಲಿ ಮಾಡಬೇಕಾದ ಅಭ್ಯಾಸಗಳಿರುತ್ತವೆ. ಅದನ್ನು ಮಾಡದಿದ್ದರೆ ಫಲ ಕಡಿಮೆ.

ಇಲ್ಲಿ ಆಲಿಮರ ನೆರವೂ ಉಂಟು. ಖಚಿತವಾದದ್ದು ಬರೀ ಶಂಕೆಯಿಂದ ಅಳಿಯುವುದಿಲ್ಲ ಎಂಬುದು ಫಿಕ್ಹ್‌ನ ಪ್ರಸಿದ್ಧ ನಿಯಮ. ಒಮ್ಮೆ ಕೇಳಿ ತಿಳಿದುಕೊಳ್ಳಿ. ಆದರೆ ಅದೇ ಪ್ರಶ್ನೆಯನ್ನು ದಿನವೂ ಆಲಿಮರಿಗೆ ಫೋನ್ ಮಾಡಿ ಕೇಳುವುದು ಮತ್ತೆ ಮತ್ತೆ ಕೈ ತೊಳೆದಂತೆಯೇ. ಅದೂ ಕಾಯಿಲೆಯ ಭಾಗ.

ಇದು ನಮಗೆ ಹೊಸತಲ್ಲ

ಯುನಾನಿ ಪದ್ಧತಿಯಲ್ಲಿ ಆರೋಗ್ಯಕ್ಕೆ ಅಗತ್ಯವಾದ ಆರು ಸಂಗತಿಗಳಲ್ಲಿ ಮನಸ್ಸಿನ ಚಲನೆ ಮತ್ತು ವಿಶ್ರಾಂತಿಯೂ ಒಂದು. ಸುಮಾರು 1,100 ವರ್ಷಗಳ ಹಿಂದೆ ಬಲ್ಖ್‌ನ ವಿದ್ವಾಂಸ ಅಬೂ ಝೈದ್ ದೇಹ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ಬರೆದ ಗ್ರಂಥದಲ್ಲಿ ಭಯ, ದುಃಖ, ಕೋಪದ ಜೊತೆ ವಸ್ವಾಸನ್ನೂ ಬೇರೆಯಾಗಿ ಗುರುತಿಸಿ, ಕೆಟ್ಟ ವಿಚಾರವನ್ನು ವಿಚಾರದಿಂದಲೇ ಎದುರಿಸುವ ದಾರಿ ಹೇಳಿದ್ದಾರೆ. ಹಾಗಾಗಿ ಮನಸ್ಸಿಗೆ ಚಿಕಿತ್ಸೆ ಪಡೆಯುವುದು ಈಮಾನಿನ ಕೊರತೆ ಎಂದು ಯಾರಾದರೂ ಹೇಳಿದರೆ ನೀವು ನಾಚಬೇಕಿಲ್ಲ. ದುಆ ನಿಲ್ಲಿಸಬೇಡಿ, ಚಿಕಿತ್ಸೆಯನ್ನೂ ತಪ್ಪಿಸಬೇಡಿ.

ಎಲ್ಲಿಗೆ ಹೋಗಬೇಕು?

ಮೊದಲು ನಿಮ್ಮ ತಾಲೂಕು ಆಸ್ಪತ್ರೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ನಾಲ್ಕರಲ್ಲೂ ಅದು ಇದೆ. ಥೈರಾಯ್ಡ್ ತೊಂದರೆ, ರಕ್ತಹೀನತೆ ಕೂಡ ಮನಸ್ಸನ್ನು ಕುಗ್ಗಿಸಬಲ್ಲವು, ಅವನ್ನು ಅಲ್ಲೇ ಪರೀಕ್ಷಿಸಿಕೊಳ್ಳಿ. ಸರಕಾರದ 'ಮನೋಚೈತನ್ಯ' ಕಾರ್ಯಕ್ರಮದಡಿ ಮಂಗಳವಾರ ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡು ಇದೆ. ನಿಮ್ಮ ಊರಿಗೆ ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿ. ಹಾವೇರಿ ಜಿಲ್ಲಾಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನು ಕೇಳಿ.

ಮುಂದಿನ ಹಂತ ಧಾರವಾಡದ ಡಿಮ್ಹಾನ್ಸ್. ನಮ್ಮ ಕಡೆ "ಇವನನ್ನು ಧಾರವಾಡಕ್ಕೆ ಕಳಿಸಬೇಕು" ಎನ್ನುವ ಕುಹಕ ಎಲ್ಲರಿಗೂ ಗೊತ್ತು. ಆ ಒಂದು ಮಾತಿಗೆ ಹೆದರಿ ವರ್ಷಗಟ್ಟಲೆ ನರಳಿದವರನ್ನು ನಾನು ನೋಡಿದ್ದೇನೆ. ಅಲ್ಲಿ ಹೊರರೋಗಿಯಾಗಿ ತೋರಿಸಿಕೊಂಡು ಸಂಜೆಯೊಳಗೆ ಮನೆಗೆ ಮರಳಬಹುದು. ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೂ ಮನೋರೋಗ ವಿಭಾಗವಿದೆ. ಶಿಗ್ಗಾವಿ, ಸವಣೂರಿನವರಿಗೆ ಅದೇ ಅನುಕೂಲ. ಹಿರೇಕೆರೂರಿನವರಿಗೆ ದಾವಣಗೆರೆ, ಶಿವಮೊಗ್ಗದ ವೈದ್ಯಕೀಯ ಕಾಲೇಜುಗಳು ಧಾರವಾಡಕ್ಕಿಂತ ಸಮೀಪ.

ಎಲ್ಲಿಂದ ಶುರು ಮಾಡಬೇಕೆಂದೇ ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸೇವೆ. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಪ್ರತಿ ವಾರ ಬಸ್ ಹತ್ತುವುದು ಕಷ್ಟವಾದರೆ, ಒಂದೆರಡು ಭೇಟಿಯ ನಂತರ ಫೋನಿನಲ್ಲಿ ಅಥವಾ ವಿಡಿಯೊದಲ್ಲಿ ಮುಂದುವರಿಸಬಹುದೇ ಎಂದು ಚಿಕಿತ್ಸಕರನ್ನೇ ಕೇಳಿ.

ಯಾರನ್ನು, ಏನೆಂದು ಕೇಳಬೇಕು?

ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋರೋಗದಲ್ಲಿ ಪರಿಣತಿ ಪಡೆದವರು, ಮಾತ್ರೆ ಬರೆಯುವವರು. ಸಿಬಿಟಿಯನ್ನು ಹೆಚ್ಚಾಗಿ ನೀಡುವವರು ಕ್ಲಿನಿಕಲ್ ಸೈಕಾಲಜಿಸ್ಟ್. ಸಾಮಾನ್ಯವಾಗಿ ಇವರು ಆ ವಿಷಯದಲ್ಲಿ ಎರಡು ವರ್ಷದ ಎಂಫಿಲ್ ಮಾಡಿ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ (ಆರ್‌ಸಿಐ) ನೋಂದಾಯಿಸಿಕೊಂಡಿರುತ್ತಾರೆ. ಕೆಲವು ವಾರಗಳ ಕೋರ್ಸ್ ಮಾಡಿ ಕೌನ್ಸೆಲರ್ ಎಂದು ಫಲಕ ಹಾಕಿಕೊಂಡವರೂ ಇದ್ದಾರೆ. ಆದ್ದರಿಂದ ಸಂಕೋಚವಿಲ್ಲದೆ ಇಷ್ಟು ಕೇಳಿ:

1. ನಿಮ್ಮ ನೋಂದಣಿ ಸಂಖ್ಯೆ ಏನು?
2. ಸಿಬಿಟಿಯಲ್ಲಿ ತರಬೇತಿ ಪಡೆದಿದ್ದೀರಾ? ನಮ್ಮ ತೊಂದರೆಗೆ ಅದನ್ನು ಬಳಸಿದ್ದೀರಾ?
3. ಎಷ್ಟು ಭೇಟಿ, ಒಂದಕ್ಕೆ ಎಷ್ಟು ಶುಲ್ಕ?
4. ಮನೆಯಲ್ಲಿ ಏನು ಅಭ್ಯಾಸ ಕೊಡುತ್ತೀರಿ? ಸುಧಾರಣೆಯನ್ನು ಹೇಗೆ ಅಳೆಯುತ್ತೀರಿ?
5. ಕನ್ನಡದಲ್ಲಿ ಅಥವಾ ಉರ್ದುವಿನಲ್ಲಿ ಮಾತನಾಡಬಹುದೇ? ಮಹಿಳಾ ಚಿಕಿತ್ಸಕರು ಇದ್ದಾರೆಯೇ?

"ಎರಡೇ ಭೇಟಿಯಲ್ಲಿ ಪೂರ್ತಿ ಗುಣ" ಎನ್ನುವವರು, ಮನೋವೈದ್ಯರ ಮಾತ್ರೆಯನ್ನು ಇಂದೇ ನಿಲ್ಲಿಸಿ ಎನ್ನುವವರು, ಈ ಪ್ರಶ್ನೆಗಳಿಗೆ ಸಿಟ್ಟಾಗುವವರು ಬೇಡ. ನನ್ನಂಥ ಹಕೀಮರಿಗೂ ಇದು ಅನ್ವಯಿಸುತ್ತದೆ. ಯುನಾನಿ ಔಷಧಿ ತೆಗೆದುಕೊಳ್ಳುತ್ತಿದ್ದರೆ ಮನೋವೈದ್ಯರಿಗೆ ಹೇಳಿ, ಅವರ ಮಾತ್ರೆಯ ಚೀಟಿಯನ್ನು ನಮಗೆ ತೋರಿಸಿ.

ಮಗಳ ಮದುವೆಗೆ ಅಡ್ಡಿಯಾದೀತು ಎಂಬ ಭಯ ಬಹಳ ತಾಯಂದಿರಿಗೆ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ರೋಗಿಯ ವಿಷಯವನ್ನು ಗುಟ್ಟಾಗಿಡುವುದು ಚಿಕಿತ್ಸಕರ ಹೊಣೆ. ಚಿಕಿತ್ಸೆಯ ಸಮಯದಲ್ಲಿ ಮಗಳನ್ನು ಒಬ್ಬಳೇ ಮಾತನಾಡಲು ಬಿಡಿ, ನೀವು ಹೊರಗೆ ಕುಳಿತಿರಿ.

ಕಾಯಬಾರದ ಹೊತ್ತು

ಸಾಯುವ ಮಾತು, ಯಾರಿಗೂ ಕೇಳದ ದನಿ ಕೇಳುವುದು, ದಿನಗಟ್ಟಲೆ ನಿದ್ದೆ-ಊಟ ಬಿಡುವುದು ಇದ್ದರೆ ಸಿಬಿಟಿ ಹುಡುಕುತ್ತ ಕೂರಬೇಡಿ. ಒಬ್ಬರನ್ನೇ ಬಿಡಬೇಡಿ, ಕೀಟನಾಶಕ ಮತ್ತು ಮಾತ್ರೆಗಳನ್ನು ಕೈಗೆ ಸಿಗದಂತೆ ಇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಆಂಬುಲೆನ್ಸ್‌ಗೆ 108.

ಆ ಹೆಣ್ಣುಮಗಳು ಮಾತ್ರೆ ಮತ್ತು ಸಿಬಿಟಿ ಎರಡನ್ನೂ ಪಡೆದಳು. ತಾಯಿ ಪ್ರತಿ ವಾರ ಜೊತೆಗೆ ಹೋದರು. ಈಗ ಐದು ನಿಮಿಷದಲ್ಲಿ ವುಝೂ ಮುಗಿಸುತ್ತಾಳೆ. ಶಂಕೆ ಇನ್ನೂ ಆಗಾಗ ಬರುತ್ತದಂತೆ. "ಬಂದರೆ ಬರಲಿ ಅಂತ ಬಿಟ್ಟು ಎದ್ದು ಹೋಗ್ತೀನಿ ಹಕೀಮ್ ಸಾಬ್" ಎಂದಳು. ನಿಮ್ಮ ಮನೆಯವರಿಗೂ ಆ ಬಲ ಬರಬೇಕಾದರೆ ಮೊದಲ ಹೆಜ್ಜೆಯನ್ನು ಈ ವಾರವೇ ಇಡಿ.